ಮುದ್ರೆಯೂ ಮಿಶ್ರಪ್ರಯೋಗವೂ

ಕನ್ನಡದಲ್ಲಿ ಮುದ್ರೆಯೆಂಬ ಶಬ್ದಕ್ಕಿರುವಷ್ಟು ಅರ್ಥವ್ಯಾಪ್ತಿಯು ಕೆಲವೇ ಶಬ್ದಗಳಿಗುಂಟು. ಅರಸನ ಉಂಗುರದ ಗುರುತೂ ಮುದ್ರೆ. ನರ್ತಕಿಯ ಬೆರಳುಗಳ ವಿನ್ಯಾಸವೂ ಮುದ್ರೆ. ವೈಷ್ಣವನು ಗೋಪೀಚಂದನದಿಂದ ಮೈಮೇಲೆ ಧರಿಸುವ ಶಂಖಚಕ್ರಗಳೂ ಮುದ್ರೆ. ವಚನಕಾರರೂ ಹರಿದಾಸರೂ ತಮ್ಮ ಕೃತಿಗಳಲ್ಲಿ ಇಟ್ಟ ಅಂಕಿತವೂ ಮುದ್ರಿಕೆಯೆನಿಸಿತು. ಪುಸ್ತಕವನ್ನು ಅಚ್ಚುಮಾಡುವ ಕಾರ್ಯಕ್ಕೆ ಮುದ್ರಣವೆಂಬ ಹೆಸರು ಬಂದುದೂ ಇದರಿಂದಲೇ. ಪಾರಸಿಯಿಂದ ಬಂದ ಮೊಹರು, ಕಚೇರಿಗಳ ಠಸ್ಸೆ, ಕುಶಲಕರ್ಮಿಗಳ ಅಚ್ಚು, ಇವೆಲ್ಲಕ್ಕೂ ಸಮಾನವಾದ ಭಾವವು ಒಂದೇ: ಒಂದು ರೂಪವನ್ನು ಒಂದೆಡೆ ಸ್ಥಿರಪಡಿಸಿಟ್ಟು, ಬೇಕಾದಾಗ ಇನ್ನೊಂದೆಡೆ ಅದನ್ನೇ ಮೂಡಿಸುವುದು. ಹೀಗೆ ಏಕರೂಪತೆಗಾಗಿಯೇ ಹುಟ್ಟಿದ ಈ ಸಾಧನದ ಚರಿತ್ರೆಯನ್ನು ವಿಚಾರಿಸಿದರೆ ಒಂದು ವಿಚಿತ್ರವು ಕಾಣಬರುತ್ತದೆ. ಮುದ್ರೆಯು ಎಂದಿಗೂ ಒಂದೇ ವಸ್ತುವಿನಿಂದ ಆದುದಲ್ಲ. ಎರಡು ವಿಜಾತೀಯ ವಸ್ತುಗಳು ಕೂಡಿದಲ್ಲದೆ ಅದು ಮೂಡದು. ಹೊಸ ವಸ್ತುಗಳನ್ನು ಯಾರಾದರೂ ಕೂಡಿಸಿ ನೋಡಿದಾಗಲೆಲ್ಲ ಅದಕ್ಕೆ ಹೊಸ ಜನ್ಮವಾಗಿದೆ. ಕೂಡಿಸಿ ನೋಡುವ ಕೈ ನಿಂತಾಗಲೆಲ್ಲ ಅದು ಜಡವಾಗಿದೆ.

ಭರತಖಂಡದಲ್ಲಿ ದೊರೆತಿರುವ ಅತ್ಯಂತ ಪ್ರಾಚೀನ ಮುದ್ರೆಗಳಲ್ಲಿ ಪ್ರಸಿದ್ಧವಾದವು ಸಿಂಧೂ ಕಣಿವೆಯವು. ಕ್ರಿಸ್ತಪೂರ್ವ ಸುಮಾರು ೨೬೦೦ರಿಂದ ೧೯೦೦ರವರೆಗಿನ ಆ ನಾಗರಿಕತೆಯ ಶಿಲ್ಪಿಗಳು ಮೃದುವಾದ ಬಳಪದ ಕಲ್ಲನ್ನು ಸುಮಾರು ಒಂದಂಗುಲದ ಚೌಕವಾಗಿ ಕತ್ತರಿಸಿ, ಮೇಲೆ ಪ್ರಾಣಿಯ ಆಕೃತಿಯನ್ನೂ ಅಕ್ಷರಗಳನ್ನೂ ತಿರುವುಮುರುವಾಗಿ ಕೊರೆಯುತ್ತಿದ್ದರು. ಅನಂತರ ಕ್ಷಾರವನ್ನು ಲೇಪಿಸಿ ಬೆಂಕಿಯಲ್ಲಿ ಕಾಯಿಸಲು, ಕಲ್ಲು ಗಟ್ಟಿಯಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಕನ್ನಡಿಗರಾದ ಎಸ್. ಆರ್. ರಾಯರು ೧೯೫೫ರಲ್ಲಿ ಗುಜರಾತಿನ ಲೋಥಲ್‌ನಲ್ಲಿ ಉತ್ಖನನವನ್ನು ಆರಂಭಿಸಿದರು. ಅಲ್ಲಿನ ಉಗ್ರಾಣದಲ್ಲಿ ಇಂತಹ ಮುದ್ರೆಗಳನ್ನೊತ್ತಿದ ಮಣ್ಣಿನ ಉಂಡೆಗಳು ದೊರೆತವು. ಅವುಗಳ ಮುಂಭಾಗದಲ್ಲಿ ಮುದ್ರೆಯ ಗುರುತು. ಹಿಂಭಾಗದಲ್ಲಿ ಹಗ್ಗ, ಚಾಪೆ, ನಾರುಬಟ್ಟೆಗಳ ಗುರುತು. ಸರಕಿನ ಮೂಟೆಯನ್ನು ಕಟ್ಟಿದ ಹಗ್ಗದ ಗಂಟಿನ ಮೇಲೆ ಹಸಿಮಣ್ಣನ್ನು ಮೆತ್ತಿ ಅದರ ಮೇಲೆ ಒತ್ತುತ್ತಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಲ್ಲು, ಮಣ್ಣು, ಹಗ್ಗ, ಬೆಂಕಿ, ಈ ನಾಲ್ಕೂ ಸೇರಿದ ಮೇಲೆಯೇ ಅದು ವರ್ತಕನ ಮಾತಾಯಿತು.

ಮುದ್ರೆಯು ಮಾತಿನ ಸ್ಥಾನವನ್ನು ಪಡೆದೊಡನೆ ಸುಳ್ಳು ಮುದ್ರೆಯೂ ಹುಟ್ಟಿತು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು ೧೯೦೯ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುಂಕದಕಟ್ಟೆಯ ವಿಧಿಯು ಹೀಗಿದೆ: ಮುದ್ರೆಯಿಲ್ಲದ ಸರಕಿಗೆ ಕೊಡಬೇಕಾದುದರ ಎರಡರಷ್ಟು ದಂಡ, ಕೂಟಮುದ್ರೆ ಎಂದರೆ ಸುಳ್ಳು ಮುದ್ರೆಯುಳ್ಳ ಸರಕಿಗೆ ಸುಂಕದ ಎಂಟರಷ್ಟು ದಂಡ. ಮುದ್ರೆಯನ್ನು ಮರೆತವನಿಗಿಂತ ಅದನ್ನು ಅನುಕರಿಸಿದವನು ಎಷ್ಟೋ ಪಾಲು ಹೆಚ್ಚು ಅಪರಾಧಿಯೆಂದು ಆ ಕಾಲದವರು ತಿಳಿದಿದ್ದರು. ವಿಶಾಖದತ್ತನ ಮುದ್ರಾರಾಕ್ಷಸದ ಕಥೆಯೆಲ್ಲವೂ ಈ ಒಂದು ಬೀಜದಿಂದ ಮೊಳೆತುದು. ರಾಕ್ಷಸನ ಉಂಗುರವು ಚಾಣಕ್ಯನ ವಶವಾಗಲು, ಅದರ ಒಂದು ಒತ್ತಿನಿಂದ ಕಪಟಪತ್ರವು ಪ್ರಮಾಣಪತ್ರವಾಯಿತು. ಮುದ್ರೆ ನಿಜವಾದುದೇ, ಒತ್ತಿದ ಕೈ ಮಾತ್ರ ಬೇರೆ.

ಕರ್ಣಾಟಕದ ಅರಸರು ದಾನಶಾಸನಗಳನ್ನು ತಾಮ್ರದ ತಗಡುಗಳಲ್ಲಿ ಬರೆಯಿಸಿ, ಅವುಗಳನ್ನು ಬಳೆಯಲ್ಲಿ ಪೋಣಿಸಿ, ಬಳೆಯ ಕೂಡುಗೆಯಲ್ಲಿ ಎರಕದ ಮುದ್ರೆಯನ್ನು ಬೆಸೆಯಿಸುತ್ತಿದ್ದರು. ಕದಂಬರಿಗೆ ಸಿಂಹ, ಗಂಗರಿಗೆ ಗಜ, ಬಾದಾಮಿಯ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ವಿಜಯನಗರದ ತಾಮ್ರಶಾಸನಗಳಲ್ಲಿ ಶ್ಲೋಕಗಳೆಲ್ಲವೂ ನಂದಿನಾಗರಿಯಲ್ಲಿದ್ದರೂ ಕಡೆಯಲ್ಲಿ ವಿರೂಪಾಕ್ಷನ ಹೆಸರಿನ ಅರಸನ ಒಪ್ಪವು ಕನ್ನಡ ಅಕ್ಷರಗಳಲ್ಲಿರುವುದನ್ನು ಇತಿಹಾಸಪ್ರಿಯರು ಬಲ್ಲರು. ಇಲ್ಲಿಯೂ ಕೂಟಮುದ್ರೆಯ ಬಾಧೆ ತಪ್ಪಲಿಲ್ಲ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಅನೇಕವು ಕೃತ್ರಿಮವೆಂದು ಫ್ಲೀಟ್ ಎಂಬ ವಿದ್ವಾಂಸರು ವಾದಿಸಿದುದರಿಂದ ಶಾಸನಶಾಸ್ತ್ರಜ್ಞರಲ್ಲಿ ದೀರ್ಘವಾದ ಚರ್ಚೆಯೇ ನಡೆಯಿತು.

ಬಾಣಭಟ್ಟನು ಹರ್ಷಚರಿತದಲ್ಲಿ ಹೇಳಿರುವ ಪ್ರಸಂಗವೊಂದು ಇಲ್ಲಿ ಸ್ಮರಣೀಯವಾಗಿದೆ. ದಿಗ್ವಿಜಯಕ್ಕೆ ಹೊರಟ ಹರ್ಷನಿಗೆ ಗ್ರಾಮದ ಲೆಕ್ಕಾಧಿಕಾರಿಯು ವೃಷಭಚಿಹ್ನೆಯುಳ್ಳ ಹೊಸ ಚಿನ್ನದ ಮುದ್ರೆಯನ್ನು ಅರ್ಪಿಸಿದನು. ಅದು ಕೈಜಾರಿ ಮೃದುವಾದ ನೆಲದ ಮೇಲೆ ಮುಖಡಿಯಾಗಿ ಬಿದ್ದು, ಅಕ್ಷರಗಳು ಮಣ್ಣಿನಲ್ಲಿ ಸ್ಫುಟವಾಗಿ ಮೂಡಿದವು. ಪರಿವಾರದವರು ಅಪಶಕುನವೆಂದು ಕಳವಳಗೊಳ್ಳಲು, ಅರಸನು ಮಾತ್ರ ಭೂಮಿಯೆಲ್ಲ ತನ್ನೊಬ್ಬನ ಮುದ್ರೆಯಿಂದ ಅಂಕಿತವಾಗುವುದೆಂಬುದಕ್ಕೆ ಇದೇ ಸೂಚನೆಯೆಂದು ಭಾವಿಸಿದನು. ಕೈತಪ್ಪಿದುದರಲ್ಲಿಯೂ ಅರ್ಥವನ್ನು ಕಾಣುವ ಈ ಬುದ್ಧಿಯೇ ಮುಂದೆ ಅನೇಕ ಶತಮಾನಗಳ ಬಳಿಕ ಇನ್ನೊಂದು ಖಂಡದಲ್ಲಿ ಮುದ್ರೆಯ ಗತಿಯನ್ನು ಬದಲಿಸಿತೆಂಬುದು ಕ್ರಮೇಣ ತಿಳಿಯುವುದು.

ಮಣ್ಣಿನಲ್ಲಿಯೂ ಅರಗಿನಲ್ಲಿಯೂ ಮೂಡುವ ಮುದ್ರೆಯು ತಗ್ಗನ್ನು ಬಿಡುವುದೇ ಹೊರತು ಬಣ್ಣವನ್ನು ಬಿಡುವುದಿಲ್ಲ. ಬಣ್ಣ ಬಿಡುವ ಮುದ್ರೆಗೆ ಬೇರೆ ಜೊತೆ ಬೇಕಾಯಿತು. ಚೀನದವರು ಇಂಗಳೀಕದ ಕೆಂಪನ್ನು ಮುದ್ರೆಗೆ ಹಚ್ಚಿ ಕಾಗದದ ಮೇಲೆ ಒತ್ತಿದರು. ಮರದ ಹಲಗೆಯಲ್ಲಿ ಪುಟಗಳನ್ನೇ ಕೆತ್ತಿ ಗ್ರಂಥಗಳನ್ನು ಅಚ್ಚುಮಾಡಿದರು. ಕ್ರಿಸ್ತಶಕ ೮೬೮ರ ವಜ್ರಚ್ಛೇದಿಕಾ ಸೂತ್ರದ ಪ್ರತಿಯು ಇಂದಿಗೂ ಲಂಡನ್ನಿನಲ್ಲಿ ರಕ್ಷಿತವಾಗಿದೆ. ಭಾರತದ ಕುಶಲಿಗಳು ಇದೇ ತತ್ತ್ವವನ್ನು ಬಟ್ಟೆಯ ಮೇಲೆ ಸಾಧಿಸಿದರು. ಅವರ ಸಾಧನೆಯು ಮಿಶ್ರಪ್ರಯೋಗಕ್ಕೆ ಶ್ರೇಷ್ಠವಾದ ನಿದರ್ಶನವು.

ಮಚಲೀಪಟ್ಟಣದ ಕಲಂಕಾರಿಯನ್ನು ತೆಗೆದುಕೊಳ್ಳಬಹುದು. ಅಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿಯ ಒಗರಿನಲ್ಲಿಯೂ ಹಾಲಿನಲ್ಲಿಯೂ ನೆನೆಯಿಸುವರು. ಹಾಲಿನ ಜಿಡ್ಡಿನಿಂದ ಬಣ್ಣವು ಅತ್ತಿತ್ತ ಹರಡದು. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಯಿಸಿದ ದ್ರವವನ್ನು ಕೆತ್ತನೆಯ ಮರದಚ್ಚಿಗೆ ಹಚ್ಚಿ ಒತ್ತಿದರೆ, ಕಬ್ಬಿಣವು ಅಳಲೆಯ ಒಗರಿನೊಡನೆ ಸೇರಿ ಕಪ್ಪು ಗೆರೆಯಾಗುವುದು. ಪಟಿಕದ ದ್ರವವನ್ನು ಒತ್ತಿದ ಜಾಗದಲ್ಲಿ ಮೊದಲು ಏನೂ ವಿಶೇಷವಾಗಿ ತೋರದು. ಬಟ್ಟೆಯನ್ನು ಕೆಂಪು ಬೇರಿನೊಡನೆ ಕುದಿಸಿದಾಗ ಆ ಜಾಗಗಳು ಮಾತ್ರ ಕೆಂಪಾಗಿ ಎದ್ದು ನಿಲ್ಲುವುವು. ಕಚ್ಛದ ಅಜ್ರಕ್ ಕೆಲಸದವರು ಸುಣ್ಣವನ್ನೂ ಗೋಂದನ್ನೂ ಕಲಸಿ ಅಚ್ಚೊತ್ತುವರು. ನೀಲಿಯ ಹರವಿಯಲ್ಲಿ ಅದ್ದಿದಾಗ ಆ ಲೇಪವಿದ್ದಲ್ಲಿ ನೀಲಿ ಹತ್ತದು. ಎಂದರೆ ಮುದ್ರೆಯು ಬಣ್ಣವನ್ನು ಕೊಡುವುದು ಮಾತ್ರವಲ್ಲ, ಬಣ್ಣವನ್ನು ತಡೆಯುವುದೂ ಉಂಟು. ಈಜಿಪ್ಟಿನ ಫುಸ್ತಾತ್‌ನಲ್ಲಿ ದೊರೆತ ಗುಜರಾತಿನ ಬಟ್ಟೆಯ ತುಣುಕುಗಳಿಂದ ಈ ವಿದ್ಯೆಯು ಮಧ್ಯಯುಗದಲ್ಲಿಯೇ ಕಡಲನ್ನು ದಾಟಿತ್ತೆಂದು ತಿಳಿಯಬರುತ್ತದೆ. ಮರ, ಲೋಹ, ಹಣ್ಣು, ಹಾಲು, ಬೆಲ್ಲ, ಸುಣ್ಣ, ಇವುಗಳ ಗುಣದೋಷಗಳನ್ನು ರಸಾಯನಶಾಸ್ತ್ರದ ಹೆಸರನ್ನೂ ಕೇಳದ ಜನರು ತಲೆತಲಾಂತರದಿಂದ ಪ್ರಯೋಗಿಸಿ ಕಂಡುಕೊಂಡರು.

ಇನ್ನು ರಬ್ಬರಿನ ಪ್ರಕರಣ. ಅಮೆರಿಕಾ ಖಂಡದ ಮರದ ಹಾಲಿನಿಂದಾಗುವ ಈ ವಸ್ತುವು ಸೀಸದಕಡ್ಡಿಯ ಬರಹವನ್ನು ಉಜ್ಜಿ ಅಳಿಸಬಲ್ಲುದೆಂದು ಪ್ರೀಸ್ಟ್ಲಿ ಎಂಬ ಆಂಗ್ಲ ವಿಜ್ಞಾನಿಯು ೧೭೭೦ರಲ್ಲಿ ಬರೆದನು. ಉಜ್ಜುವ ವಸ್ತುವಾದುದರಿಂದ ಅದಕ್ಕೆ ರಬ್ಬರೆಂಬ ಹೆಸರು ನಿಂತಿತು. ಗುರುತನ್ನು ಅಳಿಸಲೆಂದು ಹೆಸರಾದ ವಸ್ತುವೇ ಮುಂದೆ ಗುರುತನ್ನು ಮೂಡಿಸುವ ಸಾಧನವಾದುದು ಕಾಲದ ವಿನೋದವೆನ್ನಬೇಕು. ಆದರೆ ಹಸಿಯ ರಬ್ಬರು ಬೇಸಗೆಯಲ್ಲಿ ಅಂಟಾಗುವುದು, ಚಳಿಯಲ್ಲಿ ಬಿರುಸಾಗಿ ಒಡೆಯುವುದು. ಅಮೆರಿಕೆಯ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ಈ ದೋಷವನ್ನು ಹೋಗಲಾಡಿಸಲು ವರ್ಷಾನುಗಟ್ಟಲೆ ಸುಣ್ಣ, ಮೆಗ್ನೀಷಿಯ, ಆಮ್ಲ ಮೊದಲಾದವನ್ನು ಅದರಲ್ಲಿ ಬೆರಸಿ ನೋಡಿ ಸೋತನು. ಸಾಲಗಾರರ ಸೆರೆಮನೆಯನ್ನೂ ಕಂಡನು. ೧೮೩೯ರಲ್ಲಿ ಗಂಧಕವನ್ನು ಬೆರಸಿದ ರಬ್ಬರಿನ ತುಂಡೊಂದು ಅಕಸ್ಮಾತ್ತಾಗಿ ಕಾದ ಒಲೆಗೆ ತಗುಲಿ, ಕರಗುವುದಕ್ಕೆ ಬದಲಾಗಿ ತೊಗಲಿನಂತೆ ದೃಢವಾಯಿತು. ಇನ್ನೊಬ್ಬನು ಅದನ್ನು ಕೆರೆದು ಎಸೆಯುತ್ತಿದ್ದನು. ಅನೇಕ ವರ್ಷ ಕೂಡಿಸಿ ನೋಡಿದ್ದವನಾದುದರಿಂದ ಗುಡ್‌ಇಯರನು ಆ ಆಕಸ್ಮಿಕದ ಅರ್ಥವನ್ನು ಗ್ರಹಿಸಿದನು. ೧೮೪೪ರಲ್ಲಿ ಆತನಿಗೆ ಅಮೆರಿಕೆಯ ಪೇಟೆಂಟು ದೊರೆಯಿತು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕನು ಅದಕ್ಕೂ ಸ್ವಲ್ಪ ಮುಂಚೆಯೇ ಹಕ್ಕನ್ನು ಕೋರಿದ್ದನು. ರೋಮನರ ಅಗ್ನಿದೇವತೆಯಾದ ವಲ್ಕನನ ಹೆಸರಿನಿಂದ ಈ ಸಂಸ್ಕಾರವು ವಲ್ಕನೀಕರಣವೆನಿಸಿತು. ಗುಡ್‌ಇಯರನು ಮಾತ್ರ ೧೮೬೦ರಲ್ಲಿ ಸಾಲದ ಹೊರೆಯೊಡನೆಯೇ ಮೃತನಾದನು.

ಈ ಸಂಸ್ಕೃತ ರಬ್ಬರನ್ನು ಮೊದಲು ಚೆನ್ನಾಗಿ ಬಳಸಿದವರಲ್ಲಿ ದಂತವೈದ್ಯರೂ ಸೇರಿದ್ದರು. ಕೃತಕದಂತಗಳ ಪೀಠವನ್ನು ಅವರು ಪ್ಲಾಸ್ಟರಿನ ಅಚ್ಚಿನಲ್ಲಿ ರಬ್ಬರನ್ನು ತುಂಬಿ ಸಣ್ಣ ಪಾತ್ರೆಯಲ್ಲಿ ಕಾಯಿಸಿ ಸಿದ್ಧಪಡಿಸುತ್ತಿದ್ದರು. ೧೮೬೦ರ ದಶಕದ ಅಮೆರಿಕೆಯಲ್ಲಿ ಅದೇ ಪಾತ್ರೆಯಲ್ಲಿ ರಬ್ಬರು ಮೊಹರು ಹುಟ್ಟಿತು. ಅದನ್ನು ತಾನೇ ಮೊದಲು ಮಾಡಿದೆನೆಂದು ಹೇಳಿಕೊಂಡವರು ಒಬ್ಬರಿಗಿಂತ ಹೆಚ್ಚು ಮಂದಿ. ಕ್ರಮವು ಸರಳವಾಗಿತ್ತು. ಅಚ್ಚುಕೂಟದ ಮೊಳೆಗಳನ್ನು ಜೋಡಿಸಿ, ಪ್ಲಾಸ್ಟರಿನಲ್ಲಿ ಅವುಗಳ ತಗ್ಗುರೂಪವನ್ನು ತೆಗೆದು, ಗಂಧಕ ಬೆರೆತ ರಬ್ಬರನ್ನು ಅದರಲ್ಲಿ ಅದುಮಿ ಕಾಯಿಸಿ, ಬಿಡಿಸಿ, ಮರದ ಹಿಡಿಗೆ ಅಂಟಿಸುವುದು. ಮಸಿಯೂ ಹೊಸದಾಯಿತು. ಕ್ವಿನೈನನ್ನು ತಯಾರಿಸಹೊರಟ ಹದಿನೆಂಟು ವರ್ಷದ ಪರ್ಕಿನ್ನನಿಗೆ ೧೮೫೬ರಲ್ಲಿ ಆಕಸ್ಮಿಕವಾಗಿ ದೊರೆತ ನೇರಳೆ ಬಣ್ಣದಿಂದ ಅನಿಲೀನ್ ವರ್ಣಗಳ ಯುಗವು ಆರಂಭವಾಯಿತು. ಆ ವರ್ಗದ ಬಣ್ಣವನ್ನು ಗ್ಲಿಸರಿನ್ನಿನಲ್ಲಿ ಕಲಸಿದಾಗ ಪ್ಯಾಡು ಬೇಗನೆ ಒಣಗದಂತಾಯಿತು. ಕಚೇರಿಯ ಕಾಗದಗಳ ಮೇಲಿನ ನೇರಳೆ ಮೊಹರಿಗೆ ಹಿನ್ನೆಲೆ ಇದು. ಸಿಂಧೂ ಕಣಿವೆಯ ಮುದ್ರೆಯಲ್ಲಿ ಗಟ್ಟಿಯಾದ ಕಲ್ಲು ಮೆತ್ತನೆಯ ಮಣ್ಣನ್ನು ಒತ್ತಿತು. ಇಲ್ಲಿ ಮೆತ್ತನೆಯ ರಬ್ಬರು ಗಟ್ಟಿಯಾದ ಮೇಜಿನ ಮೇಲಿನ ಕಾಗದವನ್ನು ಒತ್ತಿತು. ಕ್ರಮವೇ ತಲೆಕೆಳಗಾಯಿತು.

ಆದರೆ ಸೌಲಭ್ಯದೊಡನೆ ಒಂದು ನಷ್ಟವೂ ಬಂದಿತು. ಅರಸನ ಮುದ್ರೆಯನ್ನು ಕೊರೆಯಲು ನಿಪುಣನಾದ ಶಿಲ್ಪಿ ಬೇಕಾಗಿದ್ದನು. ಅದನ್ನು ಕಾಯಲು ನಂಬುಗೆಯ ಅಧಿಕಾರಿ ಬೇಕಾಗಿದ್ದನು. ರಬ್ಬರು ಮೊಹರನ್ನು ಬೀದಿಯ ಅಂಗಡಿಯಲ್ಲಿ ಅಲ್ಪ ಬೆಲೆಗೆ ಮಾಡಿಸಬಹುದು, ಯಾರು ಬೇಕಾದರೂ ಒತ್ತಬಹುದು. ಓದದೆ, ವಿಚಾರಿಸದೆ ಒತ್ತುವುದು ವಾಡಿಕೆಯಾಗಲು, ಸ್ವಂತ ಬುದ್ಧಿಯಿಲ್ಲದೆ ಎಲ್ಲಕ್ಕೂ ಒಪ್ಪುವ ಅಧಿಕಾರಸ್ಥನನ್ನು ರಬ್ಬರು ಸ್ಟಾಂಪೆಂದು ಹಳಿಯುವ ಮಾತು ಕನ್ನಡದಲ್ಲಿಯೂ ನೆಲೆಸಿತು. ಒಂದು ಕಾಲದಲ್ಲಿ ಗೌರವದ ಚಿಹ್ನೆಯಾಗಿದ್ದುದು ನಿಂದೆಯ ಶಬ್ದವಾಯಿತು. ದೋಷವು ರಬ್ಬರಿನದಲ್ಲ, ಮನಸ್ಸನ್ನು ಹೊರಗಿಟ್ಟು ಒತ್ತಿದ ಕೈಯದು.

ಈ ಜಡತ್ವದಿಂದ ಮೊಹರನ್ನು ಬಿಡಿಸಿದವರು ಕಲಾವಿದರು. ೧೯೧೨ರಲ್ಲಿ ಪಿಕಾಸೋ ಎಂಬ ಚಿತ್ರಕಾರನು ಬೆತ್ತದ ಹೆಣಿಗೆಯನ್ನು ಅಚ್ಚೊತ್ತಿದ ಮೇಣಬಟ್ಟೆಯ ತುಂಡನ್ನು ಚಿತ್ರದಲ್ಲಿ ಅಂಟಿಸಿ, ಸುತ್ತಲೂ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದನು. ಜರ್ಮನಿಯ ಹ್ಯಾನೋವರ್ ನಗರದ ಕುರ್ಟ್ ಶ್ವಿಟರ್ಸನು ೧೯೧೯ರಲ್ಲಿ ಕಚೇರಿಯ ರಬ್ಬರು ಮೊಹರುಗಳನ್ನೇ ಒತ್ತಿ, ಅವುಗಳ ನಡುವೆ ರೇಖೆಗಳನ್ನೆಳೆದು ಚಿತ್ರಗಳನ್ನು ರಚಿಸಿದನು. ಮಹಾಯುದ್ಧದಿಂದ ಭಗ್ನವಾದ ದೇಶದಲ್ಲಿ ಚೂರುಪಾರುಗಳಿಂದಲೇ ಹೊಸದನ್ನು ಕಟ್ಟಬೇಕೆಂಬುದು ಅವನ ಧೋರಣೆಯಾಗಿತ್ತು. ಇಂತಹ ರಚನೆಗಳಿಗೆ ಈಗ ಮಿಶ್ರಮಾಧ್ಯಮವೆಂದು ಹೆಸರು. ಹೆಸರು ಹೊಸದಾದರೂ ವಿಷಯವು ಕನ್ನಡನಾಡಿಗೆ ಹೊಸದಲ್ಲ. ಉಬ್ಬುಲೇಪದ ಮೇಲೆ ಚಿನ್ನದ ರೇಕನ್ನು ಕೂರಿಸುವ ಮೈಸೂರು ಚಿತ್ರಗಳೂ, ಮರದ ಹೊಟ್ಟನ್ನೂ ಹುಣಸೆಬೀಜದ ಅಂಟನ್ನೂ ಕೂಡಿಸಿ ರೂಪಿಸುವ ಕಿನ್ನಾಳದ ಬೊಂಬೆಗಳೂ ಇದೇ ಜಾತಿಗೆ ಸೇರಿದವು.

ಇಂದು ಹವ್ಯಾಸಿಗಳು ಮೊಹರಿನಿಂದ ಸಾಧಿಸುವ ವಿಧಾನಗಳಲ್ಲಿ ಹಳೆಯ ಕುಶಲಿಗಳ ತಂತ್ರಗಳೇ ಮರಳಿ ಕಾಣುತ್ತವೆ. ಕಾಗದದ ಮೇಲೆ ಮೇಣದಿಂದ ಒತ್ತಿ, ಮೇಲೆ ನೀರುಬಣ್ಣವನ್ನು ಹಾಯಿಸಿದರೆ ಆಕೃತಿಯು ಬೆಳ್ಳಗೆ ಉಳಿಯುವುದು. ಇದು ಅಜ್ರಕ್‌ನ ಸುಣ್ಣದ ಯುಕ್ತಿಯೇ. ಹಸಿಯಾದ ಮಸಿಯ ಮೇಲೆ ರಾಳದಂತಹ ಪುಡಿಯನ್ನು ಉದುರಿಸಿ ಕಾಯಿಸಿದರೆ ಗೆರೆಗಳು ಕರಗಿ ಉಬ್ಬುವುವು. ಇದು ಅರಗಿನ ಮುದ್ರೆಯ ನೆನಪು. ಅಳಿಸುವ ರಬ್ಬರನ್ನು ಚಿಕ್ಕ ಚೂರಿಯಿಂದ ಕೊರೆದು ಸ್ವಂತ ಅಚ್ಚನ್ನು ಮಾಡಿಕೊಳ್ಳುವವನು, ಅಕ್ಷರವನ್ನು ತಿರುವುಮುರುವಾಗಿ ಕೊರೆಯಬೇಕೆಂಬ ಪಾಠವನ್ನು ಸಿಂಧೂ ಕಣಿವೆಯ ಶಿಲ್ಪಿಯಂತೆಯೇ ಕಲಿಯುವನು. ಮಸಿಯನ್ನು ಮತ್ತೆ ಹಚ್ಚದೆ ಎರಡನೆಯ ಸಲ ಒತ್ತಿದರೆ ಮಸುಕಾದ ರೂಪವು ಬರುತ್ತದೆ. ಕಚೇರಿಗೆ ಅದು ದೋಷ, ಚಿತ್ರಕ್ಕೆ ಅದು ದೂರದ ಬೆಟ್ಟ. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು ಬಣ್ಣದಲ್ಲಿ ಅದ್ದಿ ಹೂವಿನ ಸಾಲನ್ನು ಒತ್ತುವ ಮಗುವು ಇದೇ ವಿದ್ಯೆಯ ಮೊದಲ ಮೆಟ್ಟಿಲಿನಲ್ಲಿದೆ. ಅದನ್ನು ತರಕಾರಿಯ ಹಾಳೆಂದು ಗದರಿಸುವ ಹಿರಿಯರು, ಗುಡ್‌ಇಯರನ ಒಲೆಯ ಮುಂದೆ ಆತನ ನೆರೆಹೊರೆಯವರಿಗೂ ಹಾಗೆಯೇ ತೋರಿರಬಹುದೆಂಬುದನ್ನು ಯೋಚಿಸುವುದೊಳ್ಳೆಯದು.

ರಾಜ್ಯಭಾರಕ್ಕೆ ಮೊಹರಿನ ಅವಶ್ಯಕತೆಯು ಈಗ ಕುಂದುತ್ತಿದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಶಾಸನದಿಂದ ಭಾರತದಲ್ಲಿ ವಿದ್ಯುನ್ಮಾನ ಅಂಕಿತಕ್ಕೆ ಮಾನ್ಯತೆ ದೊರೆಯಿತು. ಸ್ವಂತ ಮುದ್ರೆಯಿಲ್ಲದೆ ವ್ಯವಹಾರವೇ ನಡೆಯದಿದ್ದ ಜಪಾನಿನಲ್ಲಿಯೂ ೨೦೨೦ರಲ್ಲಿ ಸರಕಾರವು ಕಚೇರಿಯ ಕೆಲಸಗಳಲ್ಲಿ ಅದನ್ನು ಕಡಿಮೆಮಾಡಲು ಮುಂದಾಯಿತು. ಹೀಗಿರಲು ಪ್ರಮಾಣದ ಭಾರವನ್ನು ಬೇರೆ ಸಾಧನಗಳು ಹೊತ್ತುಕೊಳ್ಳಬಹುದು. ವಸ್ತುಗಳನ್ನು ಕೂಡಿಸಿ ನೋಡುವ ಕೈಗೆ ಮಾತ್ರ ಬದಲು ದೊರೆಯದು. ಆ ಕೈ ಮನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಉಳಿದಿದ್ದರೆ, ಕಚೇರಿಯು ಕೈಬಿಟ್ಟ ಮುದ್ರೆಗೆ ಅಲ್ಲಿಯೇ ಇನ್ನೊಂದು ಜನ್ಮವು ಕಾದಿದೆ.