ಉದ್ಯಾನದ ಆನೆಗೆ ಹೊದಿಕೆ

2012ರ ಜನವರಿಯ ಚಳಿಯಲ್ಲಿ ಲಖನೌ ಮತ್ತು ನೋಯ್ಡಾದ ಉದ್ಯಾನಗಳ ಕಲ್ಲಿನ ಆನೆಗಳಿಗೆ ಹೊದಿಕೆ ಹೊದಿಸಲಾಯಿತು. ವಿಧಾನಸಭಾ ಚುನಾವಣೆ ಮುಗಿಯುವ ತನಕ ಬಹುಜನ ಸಮಾಜ ಪಕ್ಷದ ಚಿಹ್ನೆಯಾದ ಆನೆಯಾಗಲಿ, ಆಗಿನ ಮುಖ್ಯಮಂತ್ರಿ ಮಾಯಾವತಿಯವರ ಪ್ರತಿಮೆಗಳಾಗಲಿ ಮತದಾರರ ಕಣ್ಣಿಗೆ ಬೀಳಬಾರದೆಂದು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಎಸ್.ವೈ. ಖುರೇಷಿಯವರು ಆದೇಶಿಸಿದ್ದರು. ಮುಚ್ಚಿದ ಆನೆ ತೆರೆದ ಆನೆಗಿಂತ ಹೆಚ್ಚು ಸುದ್ದಿ ಮಾಡಿತು, ಆ ಮಾತು ಬೇರೆ.

ಆ ಉದ್ಯಾನಗಳನ್ನು ಬರೀ ದುಂದುವೆಚ್ಚವೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ. ರಾಜರ, ವೈಸರಾಯರ, ಮೇಲ್ಜಾತಿ ನಾಯಕರ ಪ್ರತಿಮೆಗಳಿಗೆ ನಮ್ಮ ನಗರಗಳಲ್ಲಿ ಎಂದೂ ಜಾಗದ ಕೊರತೆಯಾಗಿಲ್ಲ. ಅಂಬೇಡ್ಕರ್, ಜೋತಿಬಾ ಫುಲೆ, ನಾರಾಯಣ ಗುರು ಕಲ್ಲಿನಲ್ಲಿ ಎದ್ದು ನಿಂತಾಗ ಮಾತ್ರ ಖರ್ಚಿನ ಲೆಕ್ಕ ನೆನಪಾದದ್ದೇಕೆ? ಆನೆಯಾದರೂ 1984ರಲ್ಲಿ ಹುಟ್ಟಿದ ಈ ಪಕ್ಷ ಕಂಡುಹಿಡಿದದ್ದಲ್ಲ. ಅಂಬೇಡ್ಕರರ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ನಿನ ಚಿಹ್ನೆಯೂ ಅದೇ ಆಗಿತ್ತು.

ಆದರೆ ಸ್ಮಾರಕ ಬೇರೆ, ಚುನಾವಣಾ ಚಿಹ್ನೆ ಬೇರೆ. ಆಯೋಗವೂ ಅಂಬೇಡ್ಕರರ ಪ್ರತಿಮೆಗೆ ಬಟ್ಟೆ ಹೊದಿಸಲು ಹೇಳಲಿಲ್ಲ. ಖಜಾನೆಯ ಹಣ ಆ ಪಕ್ಷಕ್ಕೆ ಮತ ಹಾಕದವರದೂ ಹೌದು. ಪಕ್ಷದ ಆನೆಯ ಸೊಂಡಿಲು ಕೆಳಗಿದೆ, ಉದ್ಯಾನದ ಆನೆ ಸೊಂಡಿಲೆತ್ತಿ ಸ್ವಾಗತಿಸುತ್ತಿದೆ ಎಂಬ ಸಮರ್ಥನೆ ಜಾಣತನದ್ದೇ ಹೊರತು ಉತ್ತರವಲ್ಲ. 2016ರಲ್ಲಿ ದೆಹಲಿ ಹೈಕೋರ್ಟಿನ ತೀರ್ಪಿನ ಬಳಿಕ ಆಯೋಗವು, ಯಾವ ಪಕ್ಷವೂ ಸಾರ್ವಜನಿಕ ಹಣ, ಜಾಗ ಅಥವಾ ಸರಕಾರಿ ಯಂತ್ರವನ್ನು ತನ್ನ ಚಿಹ್ನೆಯ ಪ್ರಚಾರಕ್ಕೆ ಬಳಸಕೂಡದೆಂದು ನಿರ್ದೇಶಿಸಿತು. ಆನೆಗೆ ಅನ್ವಯಿಸುವ ಈ ಮಾತು ಕೈಗೂ ಕಮಲಕ್ಕೂ ಸೈಕಲ್ಲಿಗೂ ಅಷ್ಟೇ ಅನ್ವಯಿಸುತ್ತದೆ.