ಮಳೆಗಾಲದಲ್ಲಿ ನೆಟ್ ಯಾಕೆ ಹೋಗುತ್ತೆ? ಊರಿನ ಸಣ್ಣ ಇಂಟರ್ನೆಟ್ ಕಂಪನಿ ಒಳಗೆ ನಡೆಯೋ ಕೆಲಸ ಏನು?

ಅರ್ಜಿ ಹಾಕಲು ಕೊನೆಯ ದಿನ. ಪೇಟೆಯ ಜೆರಾಕ್ಸ್ ಅಂಗಡಿ ಮುಂದೆ ಹತ್ತು ಜನ ಕಾಯ್ತಿದ್ದಾರೆ. ಅರ್ಧ ಫಾರಂ ತುಂಬುವಷ್ಟರಲ್ಲಿ ನೆಟ್ ಹೋಯ್ತು. ಮೋಡೆಮ್‌ನಲ್ಲಿ ಕೆಂಪು ದೀಪ ಮಿಣುಕುತ್ತಿದೆ. ಫೋನ್ ಮಾಡಿದರೆ ‘ಲೈನ್ ಕಟ್ಟಾಗಿದೆ, ಹುಡುಗರು ಹೋಗಿದ್ದಾರೆ’ ಅನ್ನೋ ಉತ್ತರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆಗಾಲದಲ್ಲಿ ಇದು ಯಾರಿಗೂ ಹೊಸದಲ್ಲ.

ನೆಟ್ ಹೋಗೋದನ್ನು ಪೂರ್ತಿ ತಪ್ಪಿಸಲು ಯಾವ ಕಂಪನಿಗೂ ಆಗಲ್ಲ. ಆದರೆ ಹೋದ ನೆಟ್ ಅರ್ಧ ಗಂಟೆಯಲ್ಲಿ ಬರುತ್ತಾ, ಎರಡು ದಿನ ಬೇಕಾ ಅನ್ನೋದು ಕಂಪನಿಯವರು ಮೊದಲೇ ಮಾಡಿಟ್ಟ ಕೆಲಸದ ಮೇಲೆ ನಿಂತಿದೆ. ಆ ಕೆಲಸ ಗ್ರಾಹಕರ ಕಣ್ಣಿಗೆ ಬೀಳಲ್ಲ. ಅದು ಏನು, ಕನೆಕ್ಷನ್ ತಗೊಳ್ಳೋ ಮೊದಲು ಏನು ಕೇಳಬೇಕು ಎಂಬುದರ ವಿವರ ಇಲ್ಲಿದೆ.

ನೆಟ್ ಬರುವ ದಾರಿ

ಬೆಂಗಳೂರಿನಿಂದಲೋ ಜಿಲ್ಲಾ ಕೇಂದ್ರದಿಂದಲೋ ದೊಡ್ಡ ಕಂಪನಿಯೊಂದರ ಫೈಬರ್ ಲೈನ್ ತಾಲೂಕಿಗೆ ಬರುತ್ತದೆ. ಇದಕ್ಕೆ ಅಪ್‌ಸ್ಟ್ರೀಮ್ ಅಂತಾರೆ. ಮಂಡಿಯಿಂದ ಮೂಟೆ ತಂದು ಕೆಜಿ ಲೆಕ್ಕದಲ್ಲಿ ಮಾರುವ ಹಾಗೆ, ಊರಿನ ಕಂಪನಿ ಸಗಟಾಗಿ ಬ್ಯಾಂಡ್‌ವಿಡ್ತ್ ಕೊಂಡು ಮನೆಮನೆಗೆ ಚಿಲ್ಲರೆ ಮಾರುತ್ತದೆ.

ಆ ಲೈನ್ ಮೊದಲು ಕಂಪನಿ ರೂಮಿನ ದೊಡ್ಡ ರೂಟರ್‌ಗೆ, ಅಲ್ಲಿಂದ ಓಎಲ್‌ಟಿ ಎಂಬ ಪೆಟ್ಟಿಗೆಗೆ ಹೋಗುತ್ತದೆ. ಓಎಲ್‌ಟಿಯಿಂದ ಹೊರಟ ಬೆಳಕು ಕೂದಲಿನಷ್ಟು ತೆಳು ಗಾಜಿನ ಎಳೆಯಲ್ಲಿ ಸಾಗಿ, ಕಂಬದ ಮೇಲಿನ ಡಬ್ಬಿಯಲ್ಲಿ ಹಲವು ಕವಲಾಗಿ ಒಡೆದು, ನಿಮ್ಮ ಅಂಗಡಿಯ ಮೋಡೆಮ್ ಸೇರುತ್ತದೆ. ಕವಲೊಡೆಸುವ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಹಿಂದೆ ಕೇಬಲ್ ಟಿವಿಯವರು ತಾಮ್ರದ ಲ್ಯಾನ್ ವೈರ್ ಎಳೆದು ಕಂಬಕಂಬಕ್ಕೆ ಸ್ವಿಚ್ ಕೂರಿಸುತ್ತಿದ್ದ ಕಾಲದಲ್ಲಿ, ಮಧ್ಯೆ ಒಂದು ಮನೆಯಲ್ಲಿ ಕರೆಂಟ್ ಹೋದರೆ ಮುಂದಿನ ಎಲ್ಲರಿಗೂ ನೆಟ್ ಹೋಗುತ್ತಿತ್ತು. ಒಂದು ಸಿಡಿಲಿಗೆ ಸಾಲು ಸ್ವಿಚ್ ಸುಟ್ಟುಹೋಗುತ್ತಿದ್ದವು. ಗಾಜಿನಲ್ಲಿ ವಿದ್ಯುತ್ ಹರಿಯಲ್ಲ. ಹೀಗಾಗಿ ಫೈಬರ್‌ಗೆ ಬದಲಾದದ್ದೇ ಮಲೆನಾಡಿನ ಸಣ್ಣ ಕಂಪನಿಗಳಿಗೆ ದೊಡ್ಡ ಅಪ್‌ಗ್ರೇಡ್. ಆದರೂ ಕೇಬಲ್ ಜೊತೆ ಬರುವ ಉಕ್ಕಿನ ತಂತಿಗೆ ಅರ್ಥಿಂಗ್ ಮಾಡದಿದ್ದರೆ ಸಿಡಿಲಿನ ಅಪಾಯ ಇದ್ದೇ ಇದೆ.

ಊರಿನ ಎಲ್ಲ ಕೇಬಲ್‌ನವರಿಗೂ ಸ್ವಂತ ಲೈಸೆನ್ಸ್ ಇರಲ್ಲ. ದೂರಸಂಪರ್ಕ ಇಲಾಖೆಯ ಯೂನಿಫೈಡ್ ಲೈಸೆನ್ಸ್ ಪದ್ಧತಿಯಲ್ಲಿ ಇಂಟರ್ನೆಟ್ ಸೇವೆಗೆ ಮೂರು ವರ್ಗ: ಎ ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ವಲಯಕ್ಕೆ, ಸಿ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಜಾಗಕ್ಕೆ. ಹಲವರು ದೊಡ್ಡ ಕಂಪನಿಯ ಫ್ರಾಂಚೈಸಿಗಳು. ಬಿಲ್‌ನಲ್ಲಿ ಯಾರ ಹೆಸರಿದೆ ನೋಡಿಕೊಳ್ಳಿ. ಕಂಬದ ಕೆಲಸ ಊರಿನವರದ್ದಾದರೂ ಕೊನೆಗೆ ಉತ್ತರ ಕೊಡಬೇಕಾದವರು ಅವರು.

ಮೊದಲ ಪೆಟ್ಟು ಕರೆಂಟಿನದು

ಗಾಳಿಮಳೆಗೆ ಮರ ಬಿದ್ದರೆ ಮೊದಲು ಹೋಗೋದು ಮೆಸ್ಕಾಂ ಲೈನ್. ಆಮೇಲೆ ಕಂಪನಿ ರೂಮಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಅನ್ನೋದೇ ಪ್ರಶ್ನೆ.

ಲೆಕ್ಕ ಸರಳ. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುತ್ತೆ, ಹಾಗಾಗಿ ಬಳಕೆಗೆ ಸಿಗೋದು 600. ರೂಟರ್, ಓಎಲ್‌ಟಿ, ಸ್ವಿಚ್ ಸೇರಿ 120 ವ್ಯಾಟ್ ಎಳೆದರೆ ಐದು ಗಂಟೆ. ಇನ್ವರ್ಟರ್ ನಷ್ಟ ಕಳೆದರೆ ನಾಲ್ಕು. ಹಳೆಯದಾಗಿ ಶಕ್ತಿ ಅರ್ಧಕ್ಕೆ ಇಳಿದಿದ್ದರೆ ಎರಡೇ ಗಂಟೆ. ಬಿಸಿಯೂ ಶತ್ರು: ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ 25 ಡಿಗ್ರಿಯ ಬದಲು 35 ಡಿಗ್ರಿ ಸೆಖೆಯಲ್ಲಿ ಇದ್ದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಗಡಿನ ಶೀಟ್ ಕೆಳಗೆ ಗಾಳಿಯಾಡದ ರೂಮಿನಲ್ಲಿಟ್ಟ ಬ್ಯಾಟರಿ ಯಾಕೆ ಬೇಗ ಕೈಕೊಡುತ್ತೆ ಅನ್ನೋದಕ್ಕೆ ಇದೇ ಕಾರಣ.

ಸರಿಯಾದ ಕಂಪನಿ ಮುಂಗಾರಿಗೆ ಮೊದಲೇ ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಗಡಿಯಾರ ಹಿಡಿದು ನೋಡುತ್ತದೆ. ಮಳೆ ಬಂದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಕೇಬಲ್ ಮತ್ತು ಬೆಳಕಿನ ಲೆಕ್ಕ

ಕೊಂಬೆ ಬೀಳೋದು, ಅಳಿಲು-ಇಲಿ ಕಡಿಯೋದು, ಲಾರಿ ತಾಗೋದು, ರಸ್ತೆ ಅಗಲೀಕರಣದ ಜೆಸಿಬಿ ಬಗೆಯೋದು – ಕೇಬಲ್ ಕಟ್ಟಾಗಲು ಕಾರಣಗಳು ಇವೇ. ಎಲ್ಲಿ ಕಟ್ಟಾಗಿದೆ ಅಂತ ಹುಡುಕಲು ಓಟಿಡಿಆರ್ ಎಂಬ ಯಂತ್ರ ಬೇಕು. ಒಂದು ತುದಿಯಿಂದ ಬೆಳಕು ಬಿಟ್ಟು, ಅದು ವಾಪಸ್ ಬರುವ ಸಮಯ ಅಳೆದು, ‘ಇಲ್ಲಿಂದ ಇಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ’ ಎಂದು ಅದು ತೋರಿಸುತ್ತದೆ. ಆದರೆ ಯಾವ ಕಂಬದಲ್ಲಿ ಎಷ್ಟು ಕೇಬಲ್ ಸುರುಳಿ ಬಿಟ್ಟಿದ್ದಾರೆ, ಜಾಯಿಂಟ್ ಎಲ್ಲಿದೆ ಅನ್ನೋ ನಕ್ಷೆ ಬರೆದಿಡದಿದ್ದರೆ ಆ ಮೀಟರ್ ಲೆಕ್ಕ ಅರ್ಧ ಕೆಲಸವಷ್ಟೇ. ಎಷ್ಟೋ ಕಡೆ ಈ ನಕ್ಷೆ ಇರೋದು ಒಬ್ಬ ಲೈನ್‌ಮ್ಯಾನ್ ತಲೆಯಲ್ಲಿ. ಅವರು ರಜೆ ಹಾಕಿದ ದಿನ ಊರಿಗೇ ನೆಟ್ ರಜೆ.

ಪೂರ್ತಿ ತುಂಡಾಗದೆಯೂ ತೊಂದರೆ ಬರುತ್ತೆ. ಓಎಲ್‌ಟಿಯಿಂದ ಬೆಳಕು ಪ್ಲಸ್ 3 ಡಿಬಿಎಂ ಶಕ್ತಿಯಲ್ಲಿ ಹೊರಟಿತು ಎಂದುಕೊಳ್ಳಿ. ಎಂಟು ಕವಲಿನ ಒಂದು ಸ್ಪ್ಲಿಟರ್ ಸುಮಾರು 10.5 ಡೆಸಿಬೆಲ್ ತಿನ್ನುತ್ತದೆ. ಹೀಗೆ ಎರಡು ದಾಟಿದರೆ 21. ಐದು ಕಿಲೋಮೀಟರ್ ಫೈಬರ್‌ಗೆ 1.5, ಜಾಯಿಂಟ್ ಮತ್ತು ಕನೆಕ್ಟರ್‌ಗೆ ಇನ್ನೊಂದು 1.5. ಅಂಗಡಿಗೆ ತಲುಪೋದು ಮೈನಸ್ 21. ಸಾಮಾನ್ಯ ಜಿಪಾನ್ ಮೋಡೆಮ್ ಮೈನಸ್ 27ರವರೆಗೆ ಓದಬಲ್ಲದು. ಉಳಿದ ಆರು ಡೆಸಿಬೆಲ್ಲೇ ಕಷ್ಟಕಾಲದ ಉಳಿತಾಯ. ಮೂರು ಡೆಸಿಬೆಲ್ ಕಡಿಮೆಯಾದರೆ ಬೆಳಕು ಅರ್ಧವಾದ ಹಾಗೆ. ಕಿಟಕಿ ಸಂದಿಯಲ್ಲಿ ಮಡಚಿದ ಕೇಬಲ್, ಟೇಪ್ ಸುತ್ತಿ ಬಿಟ್ಟ ಜಾಯಿಂಟ್, ನೀರು ನುಗ್ಗಿದ ಡಬ್ಬಿ ಈ ಉಳಿತಾಯವನ್ನು ತಿಂದು ಮುಗಿಸುತ್ತವೆ. ಬಿಸಿಲಲ್ಲಿ ಸರಿ ಇದ್ದು, ಮಳೆ ಬಂದಾಗಷ್ಟೇ ಕೈಕೊಡುವ ಕನೆಕ್ಷನ್‌ನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ನೆಲ ಅಗೆಯುವವರಿಗೂ ಒಂದು ಮಾತು. ಅಗೆಯುವ ಮೊದಲು ಆ ಜಾಗದಲ್ಲಿ ಯಾರ ಕೇಬಲ್, ಪೈಪ್ ಇದೆ ಎಂದು ತಿಳಿಯಲು, ಮಾಲೀಕರಿಗೆ ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ.

ಸಂಜೆ ಹೊತ್ತು ಸ್ಲೋ ಯಾಕೆ?

ನೂರು ಎಂಬಿಪಿಎಸ್ ಪ್ಲಾನ್ ಎಂದರೆ ನೂರು ನಿಮಗೊಬ್ಬರಿಗೇ ತೆಗೆದಿಟ್ಟಿದ್ದಾರೆ ಅಂತ ಅಲ್ಲ. ಹಳೆ ಈಪಾನ್ ಓಎಲ್‌ಟಿಯ ಒಂದು ಪೋರ್ಟ್‌ನಲ್ಲಿ ಹರಿಯೋದು ಸುಮಾರು 1 ಜಿಬಿಪಿಎಸ್. ಅದಕ್ಕೆ 64 ಮನೆ ಜೋಡಿಸಿ, ಎಲ್ಲರೂ ಒಟ್ಟಿಗೆ ಬಳಸಿದರೆ ತಲಾ ಸುಮಾರು 16 ಎಂಬಿಪಿಎಸ್. ಜಿಪಾನ್‌ನಲ್ಲಿ ಡೌನ್‌ಲೋಡ್‌ಗೆ 2.5 ಜಿಬಿಪಿಎಸ್, ಅಂದರೆ ತಲಾ ಸುಮಾರು 39. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲ್ಲ ಎಂಬ ಲೆಕ್ಕದಲ್ಲೇ ವ್ಯಾಪಾರ ನಡೆಯುತ್ತದೆ. ಅದರಲ್ಲಿ ಮೋಸ ಇಲ್ಲ. ಗ್ರಾಹಕರು ಹೆಚ್ಚಾದ ಹಾಗೆ ಸಗಟು ಬ್ಯಾಂಡ್‌ವಿಡ್ತ್ ಹೆಚ್ಚಿಸದಿದ್ದರೆ ಮಾತ್ರ ರಾತ್ರಿ ಎಂಟರಿಂದ ಹತ್ತರವರೆಗೆ ವಿಡಿಯೋ ಸುತ್ತುತ್ತಲೇ ಇರುತ್ತೆ.

ಮುಂದಿನ ಹೆಜ್ಜೆ ಎಕ್ಸ್‌ಜಿಎಸ್-ಪಾನ್. ಇದರಲ್ಲಿ ಎರಡೂ ದಿಕ್ಕಿಗೆ 10 ಜಿಬಿಪಿಎಸ್. ಇದು ಬೇರೆ ಬಣ್ಣದ ಬೆಳಕು ಬಳಸೋದರಿಂದ ಜಿಪಾನ್ ಇರುವ ಅದೇ ಫೈಬರ್‌ನಲ್ಲಿ ಜೊತೆಗೇ ಓಡುತ್ತದೆ. ಕಂಬದ ಕೇಬಲ್ ಬದಲಿಸಬೇಕಿಲ್ಲ, ಎರಡು ತುದಿಯ ಪೆಟ್ಟಿಗೆ ಬದಲಿಸಿದರೆ ಸಾಕು. ಆದ್ದರಿಂದ ಇವತ್ತು ಒಳ್ಳೆ ಕೇಬಲ್‌ಗೆ ಹಾಕಿದ ದುಡ್ಡು ನಾಳೆಯೂ ಕೆಲಸಕ್ಕೆ ಬರುತ್ತೆ.

ಎರಡು ಕಂಪನಿ ಅಂದ್ರೆ ಎರಡು ದಾರಿ ಅಲ್ಲ

‘ನಮಗೆ ಎರಡು ಅಪ್‌ಸ್ಟ್ರೀಮ್ ಇದೆ’ ಅಂತ ಹೇಳಿಕೊಳ್ಳೋದು ಸುಲಭ. ಆದರೆ ಎರಡೂ ಲೈನ್ ಒಂದೇ ರಸ್ತೆ ಬದಿಯ ಒಂದೇ ಚರಂಡಿಯಲ್ಲಿ ಬಂದಿದ್ದರೆ ಒಂದೇ ಜೆಸಿಬಿ ಎರಡನ್ನೂ ಕತ್ತರಿಸುತ್ತದೆ. ಒಂದು ಒಂದು ಕಡೆಯಿಂದ, ಇನ್ನೊಂದು ಬೇರೆ ರಸ್ತೆಯಿಂದ ಬಂದಿರಬೇಕು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೊಡುವ ಭಾರತ್‌ನೆಟ್‌ನಲ್ಲೂ ಇದೇ ಪಾಠ. 2023ರ ಪರಿಷ್ಕೃತ ಯೋಜನೆಯಲ್ಲಿ ಒಂಟಿ ಲೈನ್ ಬದಲು ರಿಂಗ್ ಮಾದರಿಗೆ ಹೋಗಲು ತೀರ್ಮಾನಿಸಲಾಯಿತು. ರಿಂಗ್‌ನಲ್ಲಿ ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ನೆಟ್ ಸುತ್ತಿ ಬರುತ್ತೆ.

ಸಿಸಿಟಿವಿ ಹೊರಗಿಂದ ಕಾಣಲ್ವಾ?

ಅಂಗಡಿ ಕ್ಯಾಮೆರಾ ಮನೆಯಿಂದ ನೋಡೋಕೆ ಆಗ್ತಿಲ್ಲ ಅನ್ನೋ ದೂರು ಸಾಮಾನ್ಯ. ಹಳೆ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸುಮಾರು 430 ಕೋಟಿ ಮಾತ್ರ. ಏಷ್ಯಾ-ಪೆಸಿಫಿಕ್ ವಲಯದಲ್ಲಿ 2011ರ ಏಪ್ರಿಲ್‌ಗೇ ಅವು ಕೊನೆಯ ಕಂತಿಗೆ ಬಂದವು. ಸಣ್ಣ ಕಂಪನಿ ತನ್ನಲ್ಲಿರುವ ಕೆಲವು ನೂರು ವಿಳಾಸಗಳನ್ನೇ ಎಲ್ಲರಿಗೂ ಹಂಚಬೇಕು. ಒಂದೇ ಬಾಗಿಲು ನಂಬರ್‌ನಲ್ಲಿ ನಲವತ್ತು ಮನೆ ಇದ್ದ ಹಾಗೆ: ಹೊರಗೆ ಹೋಗಬಹುದು, ಹೊರಗಿಂದ ಹುಡುಕಿಕೊಂಡು ಬರೋರಿಗೆ ಮನೆ ಸಿಗಲ್ಲ. ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸೋದು ಅಥವಾ ಬೇರೆ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತಗೊಳ್ಳೋದು ಸದ್ಯದ ದಾರಿ. ಐಪಿವಿ6 ಶಾಶ್ವತ ಪರಿಹಾರ. ಕಂಪನಿ ಅದನ್ನು ಶುರು ಮಾಡಿದೆಯಾ ಕೇಳಿ.

ವಿಳಾಸ ಹಂಚಿಕೊಂಡಾಗ ಯಾವ ಹೊತ್ತಿಗೆ ಯಾರು ಬಳಸಿದರು ಎಂಬ ದಾಖಲೆಯನ್ನೂ ಕಂಪನಿ ಇಡಬೇಕು. 2021ರ ಡಿಸೆಂಬರ್‌ನಲ್ಲಿ ಈ ಅವಧಿಯನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಲಾಯಿತು. ಸೈಬರ್ ಅಪರಾಧದ ತನಿಖೆಯಲ್ಲಿ ಇದು ಇಲ್ಲದಿದ್ದರೆ ತಪ್ಪು ಮಾಡಿದವರ ಜೊತೆ ವಿಳಾಸ ಹಂಚಿಕೊಂಡ ಅಮಾಯಕರೂ ಉತ್ತರ ಕೊಡಬೇಕಾದೀತು.

ಪಾಸ್‌ವರ್ಡ್ ಮತ್ತು ಅಪ್‌ಡೇಟ್

2017ರ ಜುಲೈನಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್‌ಗೆ ತುತ್ತಾದವು. ಕಂಪನಿಯಿಂದ ಬಂದ ‘ಅಡ್ಮಿನ್’ ಪಾಸ್‌ವರ್ಡ್ ಬದಲಿಸದ ಮೋಡೆಮ್‌ಗಳೇ ಅದರ ಗುರಿ. ಮರುವರ್ಷ, ಸಣ್ಣ ಕಂಪನಿಗಳು ಹೆಚ್ಚಾಗಿ ಬಳಸುವ ಮೈಕ್ರೋಟಿಕ್ ರೂಟರ್‌ಗಳಲ್ಲಿ ಒಂದು ದೋಷ ಕಂಡಿತು. ಏಪ್ರಿಲ್‌ನಲ್ಲೇ ತಯಾರಕರು ಸರಿಪಡಿಸಿದ ಸಾಫ್ಟ್‌ವೇರ್ ಕೊಟ್ಟಿದ್ದರೂ, ತಿಂಗಳುಗಳ ನಂತರವೂ ಅದನ್ನು ಹಾಕದ ರೂಟರ್‌ಗಳು ಜಗತ್ತಿನಾದ್ಯಂತ ಕಳ್ಳರ ಪಾಲಾದವು. ಅಪ್‌ಡೇಟ್ ಇತ್ತು, ಹಾಕುವವರು ಇರಲಿಲ್ಲ ಅಷ್ಟೇ.

ಹಾಗಂತ ಹಗಲು ಹೊತ್ತಲ್ಲಿ ಅಪ್‌ಡೇಟ್ ಹಾಕೋ ಹಾಗಿಲ್ಲ. ಮೊದಲೇ ಗ್ರಾಹಕರಿಗೆ ಮೆಸೇಜ್ ಕಳಿಸಿ, ಹಳೆ ಸೆಟ್ಟಿಂಗ್‌ನ ನಕಲು ಬೇರೆ ಕಂಪ್ಯೂಟರಿನಲ್ಲಿ ತೆಗೆದಿಟ್ಟು, ರಾತ್ರಿ ಎರಡು ಗಂಟೆ ಮೇಲೆ ಒಂದೊಂದೇ ಪೆಟ್ಟಿಗೆಗೆ ಹಾಕಿ ನೋಡೋದು ಸರಿಯಾದ ಕ್ರಮ. ಕೆಟ್ಟರೆ ಬೆಳಗಾಗುವ ಮೊದಲು ಹಿಂದಿನ ಸ್ಥಿತಿಗೆ ಮರಳಬಹುದು. ಸೆಟ್ಟಿಂಗ್‌ನ ನಕಲು ಇಲ್ಲದೆ ರೂಟರ್ ಸುಟ್ಟರೆ, ಹೊಸ ರೂಟರ್ ಕೈಯಲ್ಲಿದ್ದರೂ ಎಲ್ಲವನ್ನೂ ಮೊದಲಿಂದ ಕೂರಿಸಬೇಕು.

ಕನೆಕ್ಷನ್ ತಗೊಳ್ಳೋ ಮೊದಲು ಕೇಳಿ

1. ಕರೆಂಟ್ ಇಲ್ಲದೆ ನಿಮ್ಮ ಓಎಲ್‌ಟಿ ಎಷ್ಟು ಗಂಟೆ ನಿಲ್ಲುತ್ತೆ? ಕೊನೆಗೆ ಪರೀಕ್ಷೆ ಮಾಡಿದ್ದು ಯಾವಾಗ?
2. ಎರಡನೇ ಅಪ್‌ಸ್ಟ್ರೀಮ್ ಬೇರೆ ರಸ್ತೆಯಿಂದ ಬರುತ್ತಾ?
3. ಬದಲಿ ರೂಟರ್, ಓಎಲ್‌ಟಿ ಕಾರ್ಡ್ ಊರಲ್ಲೇ ಇದೆಯಾ, ಬೆಂಗಳೂರಿಂದ ತರಿಸಬೇಕಾ?
4. ನಮ್ಮ ಅಂಗಡಿಗೆ ಬರುವ ಬೆಳಕು ಎಷ್ಟು ಡಿಬಿಎಂ? (ಮೈನಸ್ 25ಕ್ಕಿಂತ ಕೆಳಗಿದ್ದರೆ ಸರಿ ಮಾಡಿಸಿ.)
5. ಭಾನುವಾರ, ಹಬ್ಬದ ದಿನ ಫೋನ್ ಎತ್ತುವವರು ಯಾರು?

ನೆಟ್ ಹೋದಾಗ ಮೋಡೆಮ್ ನೋಡಿ

ದೀಪವೇ ಇಲ್ಲದಿದ್ದರೆ ಅಡಾಪ್ಟರ್ ಅಥವಾ ಕರೆಂಟ್ ಸಮಸ್ಯೆ. ಎಲ್‌ಓಎಸ್ ಕೆಂಪು ದೀಪ ಮಿಣುಕಿದರೆ ಬೆಳಕು ಬರ್ತಿಲ್ಲ ಎಂದರ್ಥ, ಕೇಬಲ್ ಅಥವಾ ಓಎಲ್‌ಟಿ ಕಡೆ ತೊಂದರೆ. ಪಾನ್ ಹಸಿರು ದೀಪ ಸ್ಥಿರವಾಗಿದ್ದೂ ನೆಟ್ ಇಲ್ಲದಿದ್ದರೆ ಲಾಗಿನ್, ಬಿಲ್ ಅಥವಾ ಅಪ್‌ಸ್ಟ್ರೀಮ್ ಸಮಸ್ಯೆ. ಫೋನಿನಲ್ಲಿ ಇದನ್ನು ಹೇಳಿದರೆ ಹುಡುಗರು ಸರಿಯಾದ ಜಾಗಕ್ಕೇ ಹೋಗುತ್ತಾರೆ. ಹಳದಿ ಫೈಬರ್ ವೈರ್ ಕಿತ್ತು ನೋಡಬೇಡಿ, ತುದಿಯನ್ನು ಕಣ್ಣಿಗೆ ಹಿಡಿಯಲೇಬೇಡಿ. ಮೋಡೆಮ್‌ಗೆ ಒಂದು ಪುಟ್ಟ ಯುಪಿಎಸ್ ಹಾಕಿಸಿ. ಕಂಪನಿ ಬ್ಯಾಟರಿ ಓಡುತ್ತಿದ್ದರೂ ನಿಮ್ಮ ಮೋಡೆಮ್ ಆರಿದ್ದರೆ ನೆಟ್ ಬರಲ್ಲ.

ದೂರು ಕೊಟ್ಟಾಗ ನಂಬರ್ ಕೇಳಿ, ದಿನಾಂಕ ಮತ್ತು ಸಮಯ ಬರೆದಿಡಿ. ತಿಂಗಳಿಗೆ ಶೇ 99 ಸೇವೆ ಕೇಳೋಕೆ ಚಂದ, ಆದರೆ ಲೆಕ್ಕ ಹಾಕಿದರೆ ಏಳು ಗಂಟೆಗೂ ಹೆಚ್ಚು ನೆಟ್ ಇಲ್ಲ ಎಂದಾಯ್ತು. ನಿಮ್ಮ ಅಂಗಡಿಗೆ ನಿಜವಾಗಿ ಎಷ್ಟು ಗಂಟೆ ಇರಲಿಲ್ಲ ಅನ್ನೋದು ಆ ಪುಸ್ತಕದಲ್ಲಿ ಸಿಗುತ್ತೆ. ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.