ಚೌಕಾಬಾರದಿಂದ ಟಿವಿ ಆಟದವರೆಗೆ

ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರ್ಪಟ್ಟದ್ದು 1965ರ ಅಕ್ಟೋಬರ್ 2ರಂದು. ಆ ಕಾಲದಲ್ಲಿ ಇಲ್ಲಿಯ ಕನ್ನಡ ಮನೆಗಳ ಮಕ್ಕಳಿಗೆ ಆಟವೆಂದರೆ ಜಗಲಿಯ ಮೇಲೆ ಬರೆದ ಚೌಕಾಬಾರ, ಇಲ್ಲವೇ ಅಳಗುಳಿಮಣೆ. ನಾಲ್ಕು ಕವಡೆ, ಒಂದು ಹಿಡಿ ಹುಣಸೆಬೀಜ ಇದ್ದರೆ ಸಾಕಾಗಿತ್ತು. ಅಜ್ಜಿಯ ಪಕ್ಕದಲ್ಲಿ ಕುಳಿತು ಎಣಿಸುವಾಗಲೇ ಮಗುವಿಗೆ ಕನ್ನಡದ ಲೆಕ್ಕವೂ ಬರುತ್ತಿತ್ತು.

ಯಂತ್ರದ ಆಟದ ಮೂಲವೂ ಅಷ್ಟೇ ಸರಳವಾದುದು. 1889ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಆಟದೆಲೆಗಳನ್ನು ತಯಾರಿಸಲು ಹುಟ್ಟಿದ ನಿಂಟೆಂಡೊ ಸಂಸ್ಥೆಯು 1983ರ ಜುಲೈಯಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಮಾರಾಟಕ್ಕಿಟ್ಟಿತು. ಬಡ ದೇಶಗಳಿಗೆ ಹೆಚ್ಚಾಗಿ ತಲುಪಿದ್ದು ಮೂಲ ಯಂತ್ರವಲ್ಲ, ಅದರ ಅಗ್ಗದ ಅನುಕರಣೆಗಳು. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟಗಳಿರುತ್ತಿದ್ದ ಆ ಪೆಟ್ಟಿಗೆಗಳನ್ನು ನಮ್ಮ ಮಕ್ಕಳು 'ಟಿವಿ ಗೇಮ್' ಎಂದೇ ಕರೆದರು. ಬ್ರೆಜಿಲ್ ಬೇರೆ ದಾರಿ ಹಿಡಿಯಿತು; ಅಲ್ಲಿಯ ಟೆಕ್‌ಟಾಯ್ ಸಂಸ್ಥೆಯು ಜಪಾನಿನ ಸೆಗಾ ಯಂತ್ರವನ್ನು ತನ್ನ ನೆಲದಲ್ಲಿಯೇ ತಯಾರಿಸಿ, ಕೆಲವು ಆಟಗಳನ್ನು ಪೋರ್ಚುಗೀಸ್ ಭಾಷೆಗೂ ತಂದಿತು.

ಇಂಥ ಯಂತ್ರ ಬೆಳೆಯಬೇಕಾದರೆ ಮನೆಯಲ್ಲಿ ಟಿವಿ ಇರಬೇಕು, ಬೆಲೆ ಕೈಗೆಟುಕಬೇಕು, ಭಾಷೆ ತಿಳಿಯಬೇಕು. ಮೊದಲನೆಯದನ್ನು ತಮಿಳುನಾಡು ಸರ್ಕಾರವೇ ಒದಗಿಸಿತು; 2006ರಲ್ಲಿ ಆರಂಭವಾದ ಉಚಿತ ಬಣ್ಣದ ಟಿವಿ ಯೋಜನೆ ಕೋಟಿಗೂ ಮಿಕ್ಕಿದ ಮನೆಗಳನ್ನು ಮುಟ್ಟಿತು. ಎರಡನೆಯದನ್ನು ಅನುಕರಣೆಯ ಪೆಟ್ಟಿಗೆಗಳು ಪೂರೈಸಿದವು. ಮೂರನೆಯದು ಮಾತ್ರ ಬಾಕಿ ಉಳಿಯಿತು. ಭಾರತದಲ್ಲಿಯೇ ರೂಪುಗೊಂಡ 'ಹನುಮಾನ್: ಬಾಯ್ ವಾರಿಯರ್' ಎಂಬ ಪ್ಲೇಸ್ಟೇಷನ್ ಆಟ ಬಂದದ್ದು 2009ರಲ್ಲಿ. ಅಷ್ಟರಲ್ಲಿ ಮೊಬೈಲ್ ಫೋನು ಮಕ್ಕಳ ಕೈ ಸೇರತೊಡಗಿತ್ತು.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಬ್ಬ ಹುಡುಗನ ಚೀಲದಲ್ಲಿದ್ದ ಆಟದ ಕ್ಯಾಸೆಟ್ಟನ್ನು ಕಸಿದು ಬೀರುವಿನಲ್ಲಿ ಇಟ್ಟಿದ್ದೆ. ವರ್ಷಾಂತ್ಯದಲ್ಲಿ ಹಿಂದಿರುಗಿಸುವಾಗ, ಅದರಲ್ಲಿ ಏನಿದೆಯೆಂದು ಕೇಳಿದೆ. ಅವನು ಹುರುಪಿನಿಂದ ವಿವರಿಸಿದ. ಆದರೆ 'ಲೈಫ್', 'ಲೆವೆಲ್', 'ಔಟ್' ಎಂಬುವುಗಳ ನಡುವೆ ಕನ್ನಡಕ್ಕೆ ಉಳಿದದ್ದು ಕ್ರಿಯಾಪದಗಳು ಮಾತ್ರ. ಕಸಿದುಕೊಂಡದ್ದು ತಪ್ಪೆಂದು ಅಂದು ನನಗೆ ಅನ್ನಿಸಿತು. ಕೇಳುವ ಕೆಲಸವನ್ನು ಮೊದಲೇ ಮಾಡಬೇಕಿತ್ತು.

ಚೌಕಾಬಾರದ ಕಟ್ಟೆ, ಕಾಯಿ, ಹಣ್ಣು ಎಂಬ ಮಾತುಗಳು ಆಟದೊಡನೆಯೇ ಬಾಳಿದವು, ಆಟದೊಡನೆಯೇ ಮರೆಯಾಗುತ್ತಿವೆ. ಗಡಿಯಾಚೆಯ ಕನ್ನಡಿಗರಾದ ನಾವು ಶಾಲೆಗಾಗಿ, ಪುಸ್ತಕಕ್ಕಾಗಿ ಮನವಿ ಸಲ್ಲಿಸುತ್ತಾ ಬಂದಿದ್ದೇವೆ. ಆಟಕ್ಕಾಗಿ ಕೇಳಿದವರು ವಿರಳ. 2011ರ ಜನಗಣತಿಯಂತೆ ಆರು ಕೋಟಿ ಜನರಿರುವ ಕರ್ನಾಟಕ ಮನಸ್ಸು ಮಾಡಿದರೆ ಕನ್ನಡದ ಆಟ ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಮೊಮ್ಮಕ್ಕಳ ಎದುರು ಒಂದು ಚೌಕಾಬಾರ ಬರೆಯುವುದು ನಮ್ಮ ಕೈಯಲ್ಲಿಯೇ ಇದೆ.